ಡಾಕ್ಟರು ಅಂದದ್ದು

"ನೀವು ಹೇಳಿ," ಎಂದರು ಡಾಕ್ಟರ್ ಕೌಲ್ ಹಿಂದಿಯಲ್ಲಿ. "ಮಗಳು ಹೇಳೋದು ಬೇಡ."

ವೈಜಯಂತಿ ಆಗಲೇ ಮಗಳ ಕಡೆ ತಿರುಗಿಯಾಗಿತ್ತು. ಏನಂತೆ ಎಂದು ಹುಬ್ಬೇರಿಸಿಯೂ ಆಗಿತ್ತು. ಮಯೂರಿಯೂ ರೂಢಿಯಂತೆ ಬಾಯಿ ತೆರೆದಿದ್ದಳು. ಡಾಕ್ಟರು ಮೇಜಿನ ಮೇಲಿದ್ದ ಕೈಯನ್ನು ಒಂದಿಷ್ಟು ಎತ್ತಿ ಇಬ್ಬರನ್ನೂ ಅಲ್ಲಿಗೇ ನಿಲ್ಲಿಸಿದರು. ಐವತ್ತು ದಾಟಿದ ಹೆಂಗಸು, ಗಿಡ್ಡಗೆ ಕತ್ತರಿಸಿದ ನರೆಗೂದಲು, ದಾರಕ್ಕೆ ಕಟ್ಟಿ ಕತ್ತಿನಲ್ಲಿ ಇಳಿಬಿಟ್ಟ ಕನ್ನಡಕ. ದನಿ ಮೆತ್ತಗಿತ್ತು, ಆದರೆ ಎದುರಾಡುವ ಹಾಗಿರಲಿಲ್ಲ.

"ಮೈ... ಹಿಂದೀ... ನಹೀಂ," ಎಂದಳು ವೈಜಯಂತಿ. ಹದಿನಾರು ವರ್ಷ ದೆಹಲಿಯ ನೀರು ಕುಡಿದವಳ ಹಿಂದಿ ಅಷ್ಟಕ್ಕೇ ಮುಗಿಯಿತು.

"ಇಷ್ಟು ಬಂತಲ್ಲ, ಉಳಿದದ್ದೂ ಬರುತ್ತೆ," ಎಂದು ಡಾಕ್ಟರು ನಕ್ಕರು. ಮಾತು ತಿಳಿಯದಿದ್ದರೂ ನಗು ತಿಳಿಯಿತು.

ಮೇಜಿನ ಮೇಲೆ ಮಯೂರಿಯ ಫೈಲು ಬಿದ್ದಿತ್ತು. ಹುಡುಗಿ ಹಗುರವಾದಷ್ಟೂ ಫೈಲು ಭಾರವಾಗುತ್ತ ಬಂದಿತ್ತು. ಹದಿನೈದು ವರ್ಷದವಳು ಈಗ ಮೂವತ್ತಾರು ಕೇಜಿ. ಉಂಡ ಅರ್ಧ ಗಂಟೆಗೆ ಹೊಕ್ಕುಳ ಸುತ್ತ ನೋವು ಹಿಡಿಯುತ್ತಿತ್ತು, ಅದರ ಹಿಂದೆಯೇ ಉಂಡದ್ದೆಲ್ಲ ಹೊರಗೆ. ವಾರದಲ್ಲಿ ನಾಲ್ಕು ದಿನ ಹೀಗೆ, ಒಂದೂವರೆ ವರ್ಷದಿಂದ. ಸ್ಕ್ಯಾನಿಂಗ್ ಆಯಿತು. ಗಂಟಲೊಳಗೆ ಕೊಳವೆ ಇಳಿಸಿ ನೋಡಿದ್ದಾಯಿತು. ಏನೂ ಕಾಣದೆ ಕೊನೆಗೆ ಒಬ್ಬರು ಅಪೆಂಡಿಕ್ಸ್ ತೆಗೆದುಹಾಕಿದರು, ಅದು ಪಾಪ ಚೆನ್ನಾಗಿಯೇ ಇತ್ತಂತೆ. ತಮ್ಮೂರು ಅರಸೀಕೆರೆಯಿಂದ ಮಂತ್ರಿಸಿದ ದಾರ ಅಂಚೆಯಲ್ಲಿ ಬಂತು. ಹೋದಲ್ಲೆಲ್ಲ ಒಂದೇ ಮಾತು: ಎಲ್ಲ ನಾರ್ಮಲ್. ಆ ಪದ ಕಿವಿಗೆ ಬಿದ್ದರೆ ವೈಜಯಂತಿಗೆ ಮೈ ಉರಿಯುತ್ತಿತ್ತು. ಒಬ್ಬ ಡಾಕ್ಟರಂತೂ, ಪರೀಕ್ಷೆ ಹತ್ತಿರ ಬಂದರೆ ಮಕ್ಕಳು ಹೀಗೆಲ್ಲ ನಾಟಕ ಆಡುತ್ತವೆ ಎಂದುಬಿಟ್ಟಿದ್ದ. ಕೊನೆಗೆ ಅವಳು ಕೆಲಸ ಮಾಡುವ ಕಚೇರಿಯ ಮರಿಯಪ್ಪನವರು ಈ ದೊಡ್ಡ ಸರಕಾರಿ ಆಸ್ಪತ್ರೆಯ ಹೆಸರು ಹೇಳಿ, ಮಹಡಿ, ಕೋಣೆ ನಂಬರು ಎಲ್ಲ ಚೀಟಿಯಲ್ಲಿ ಬರೆದು ಕೊಟ್ಟು ಕಳಿಸಿದ್ದರು.

ಡಾಕ್ಟರ್ ಕೌಲ್ ನಾಟಕ ಎನ್ನಲಿಲ್ಲ. ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು, ಅದರ ಮೇಲೆ ಬೆರಳಿಟ್ಟು, ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿದರು. ಹೊಟ್ಟೆಯಲ್ಲಿ ರೋಗವಿಲ್ಲ. ಆದರೆ ನೋವು ಇದೆ. ನೋವು ಸುಳ್ಳಲ್ಲ. ಇಂಥ ಎಂಟು ಮಕ್ಕಳು ಇದ್ದಾರೆ. ಹನ್ನೆರಡು ಶನಿವಾರ ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತಾರೆ. ಮಕ್ಕಳು ಒಂದು ಕೋಣೆಯಲ್ಲಿ, ಹೆತ್ತವರು ಪಕ್ಕದ ಕೋಣೆಯಲ್ಲಿ. ವೈಜಯಂತಿಗೆ ಮುಕ್ಕಾಲು ಪಾಲು ತಿಳಿಯಲಿಲ್ಲ, ಸುಳ್ಳಲ್ಲ ಎಂಬುದು ಮಾತ್ರ ತಿಳಿಯಿತು. ಅವಳ ಕಣ್ಣು ತುಂಬಿ ಬಂತು.

ಆದರೂ ಮೆಟ್ಟಿಲಿಳಿಯುವಾಗ ಗೊಣಗದೆ ಬಿಡಲಿಲ್ಲ. "ಇದೆಂಥಾ ಡಾಕ್ಟರೇ ಇವಳು? ಮಾತು ಬರೋಳ ಬಾಯಿ ಮುಚ್ಚಿಸಿ, ಬಾರದೋಳನ್ನ ಮಾತಾಡು ಅಂತಾಳಲ್ಲ."

"ಅಮ್ಮಾ, ಚಲೋ. ಬಸ್ ನಿಕಲ್ ಜಾಯೇಗೀ," ಎಂದು ಬಸ್ಸು ತಪ್ಪುವ ಅವಸರ ಹಚ್ಚಿದಳು ಮಯೂರಿ. ಅವಳ ಮುಖ ಯಾಕೋ ಬಿಳಿಚಿಕೊಂಡಿತ್ತು.

ವೈಜಯಂತಿ ಹಿಂದಿ ಕಲಿಯದೇ ಇದ್ದದ್ದಕ್ಕೆ ಸೊಕ್ಕು ಕಾರಣವಲ್ಲ, ಸುಖ ಕಾರಣ. ಗಂಡ ಚಂದ್ರಮೋಹನ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಆರ್.ಕೆ.ಪುರದ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ. ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಕನ್ನಡದ ಮನೆಗಳಿದ್ದವು, ಅಷ್ಟು ಜನ ಸಾಕಾಗಿತ್ತು. ಹೊರಗಿನದ್ದನ್ನೆಲ್ಲ ಗಂಡ ನೋಡಿಕೊಳ್ಳುತ್ತಿದ್ದ. ಅವನಿಲ್ಲದ ಹೊತ್ತಿಗೆ ಮಗಳಿದ್ದಳು. ಐದು ವರ್ಷಕ್ಕೇ ಮಯೂರಿ ಅಮ್ಮನ ಸೆರಗು ಹಿಡಿದು ತರಕಾರಿ ಗಾಡಿಯ ಮುಂದೆ ನಿಂತು, "ಭಯ್ಯಾ, ಮಮ್ಮೀ ಕಹ್ ರಹೀ ಹೈ, ಆಪ್ ಕೀ ಭಿಂಡೀ ಬೂಢೀ ಹೈ," ಎನ್ನುತ್ತಿದ್ದಳು. ಬೆಂಡೆಕಾಯಿ ಮುದುಕಿಯಾಗಿದೆ ಎಂಬ ಮಾತಿಗೆ ಅವನು ನಕ್ಕು ನಾಲ್ಕು ಎಳೆಕಾಯಿ ಹೆಚ್ಚಿಗೆ ಹಾಕುತ್ತಿದ್ದ. ಗ್ಯಾಸಿನವನು, ದರ್ಜಿ, ಮೇಲಿನ ಮನೆಯ ಪಂಜಾಬಿ ಆಂಟಿ, ಯಾರೇ ಬರಲಿ, ವೈಜಯಂತಿ ಮಗಳ ಕಡೆ ತಿರುಗಿ ಹುಬ್ಬೇರಿಸಿದರೆ ಸಾಕು, ಮಾತು ಕನ್ನಡವಾಗಿ ಬರುತ್ತಿತ್ತು.

ಬರುವಾಗ ಅದು ಒಂದಿಷ್ಟು ಸಿಹಿಯಾಗಿಯೂ ಬರುತ್ತಿತ್ತು. ಆರನೇ ಕ್ಲಾಸಿನಲ್ಲಿ ಟೀಚರು, ನಿಮ್ಮ ಮಗಳು ಪಾಠದ ಹೊತ್ತಿನಲ್ಲೆಲ್ಲ ಹರಟುತ್ತಾಳೆ, ಗಣಿತದಲ್ಲಿ ಸೊನ್ನೆ ಎಂದು ಐದು ನಿಮಿಷ ದೂರು ಹೇಳಿದ್ದಕ್ಕೆ ಮಯೂರಿ, "ಎಲ್ಲರ ಜೊತೇನೂ ಚೆನ್ನಾಗಿ ಬೆರೀತಾಳಂತೆ, ಮ್ಯಾಥ್ಸ್ ಸ್ವಲ್ಪ ನೋಡ್ಕೋಬೇಕಂತೆ," ಎಂದು ಎರಡೇ ಮಾತಿನಲ್ಲಿ ಮುಗಿಸಿದ್ದಳು. ವೈಜಯಂತಿ ಟೀಚರಿಗೆ ಕೈ ಮುಗಿದು ಬಂದಳು. ಮುಂದೆ ನಿಜ ತಿಳಿದಾಗ ಚಂದ್ರಮೋಹನ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವಳನ್ನ ಫಾರಿನ್ ಆಫೀಸಿಗೆ ಕಳಿಸಬೇಕು ಕಣೆ. ಎರಡು ದೇಶ ಯುದ್ಧ ಮಾಡೋದೇ ಇಲ್ಲ." ಮನೆಯಲ್ಲಿ ತಿಂಗಳುಗಟ್ಟಲೆ ಅದೇ ತಮಾಷೆ ನಡೆಯಿತು.

ಎರಡು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಊರಿಗೆಲ್ಲ ಡೆಂಗ್ಯೂ ಬಂದಾಗ ಚಂದ್ರಮೋಹನನಿಗೂ ಬಂತು. ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಲದೆ ಕಾರಿಡಾರಿನಲ್ಲೂ ಜನ ಮಲಗಿದ್ದರು. ಅವನನ್ನು ಐಸಿಯುಗೆ ಸೇರಿಸಿದ ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹುಡುಗನಂಥ ಡಾಕ್ಟರೊಬ್ಬ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದು, ಗಡಿಬಿಡಿಯಲ್ಲಿ ಎರಡು ಮಾತು ಹೇಳಿ ಹೋದ. ವೈಜಯಂತಿ ಮಗಳ ಕಡೆ ತಿರುಗಿದಳು. "ಏನಂತೆ? ವಾರ್ಡಿಗೆ ಹಾಕ್ತಾರಂತಾ?"

"ಹೂಂ. ನಾಳೆ," ಎಂದಿದ್ದಳು ಮಯೂರಿ.

ವೈಜಯಂತಿ ಮೂರು ದಿನದಿಂದ ಸ್ನಾನ ಕಂಡಿರಲಿಲ್ಲ. ಆ ಮಾತಿನಿಂದ ಜೀವ ಬಂದಂತಾಗಿ, ಮಗಳನ್ನು ಅಲ್ಲಿ ಕೂರಿಸಿ ಮನೆಗೆ ಹೋದಳು. ತಲೆಗೆ ನೀರು ಹಾಕಿಕೊಂಡು ದೇವರಿಗೆ ದೀಪ ಹಚ್ಚಿದಳು. ವಾರ್ಡಿಗೆ ಬಂದರೆ ಬಾಯಿಗೆ ರುಚಿ ಬೇಡುತ್ತಾರೆ ಎಂದು ಮೆತ್ತಗೆ ಅನ್ನ ಮಾಡಿ, ಮೆಣಸಿನ ಸಾರು ಮಾಡಿ ಒಗ್ಗರಣೆ ಹಾಕಿದಳು. ಐದು ಗಂಟೆಗೆ ಕ್ಯಾರಿಯರ್ ಹಿಡಿದು ಅವಳು ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದು ಒಂದು ಗಂಟೆಯಾಗಿತ್ತು. ಮಯೂರಿ ಬೆಂಚಿನ ಮೇಲೆ ಅಪ್ಪನ ಕೈಗಡಿಯಾರ ಹಿಡಿದುಕೊಂಡು ಕೂತಿದ್ದಳು.

ಅಲ್ಲಿಂದಾಚೆಗೆ ಬಂದವರಿಗೆಲ್ಲ ವೈಜಯಂತಿ ಹೇಳಿದ್ದು ಒಂದೇ: "ವಾರ್ಡಿಗೆ ಹಾಕ್ತೀವಿ ಅಂದಿದ್ರು. ಡಾಕ್ಟರೇ ಅಂದಿದ್ರು. ಇಲ್ಲದಿದ್ರೆ ನಾನು ಬಿಟ್ಟು ಬರ್ತಿದ್ನಾ?" ಕನ್ನಡದವರಿಗೆ ತಾನೇ ಹೇಳಿದಳು. ಪಂಜಾಬಿ ಆಂಟಿಗೆ, ಕಚೇರಿಯವರಿಗೆ, ಶಾಲೆಯ ಟೀಚರಿಗೆ ಅದನ್ನು ಹಿಂದಿ ಮಾಡಿ ಹೇಳಿದವಳು ಮಯೂರಿ. ಊರಿಂದ ಬರಲಾಗದೆ ಹೋದ ಮೈದುನನಿಗೆ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಸಂಜೆ ದೀಪ ಹಚ್ಚುವಾಗ ಮಾತ್ರ ಅದಕ್ಕೊಂದು ಬಾಲ ಸೇರುತ್ತಿತ್ತು. "ನನಗೆ ಸುಳ್ಳು ಹೇಳಿ ಮನೆಗೆ ಕಳಿಸಿದ ಬಾಯಿಗೆ ಅನ್ನ ಸೇರದೆ ಹೋಗಲಿ. ತಿಂದದ್ದು ಒಳಗೆ ನಿಲ್ಲದೆ ಹೋಗಲಿ." ಬತ್ತಿ ಸರಿಮಾಡುತ್ತ, ದಿನವೂ ಇಷ್ಟು. ಶಾಪ ಹಾಕುವುದು ಅವಳ ಸ್ವಭಾವವಲ್ಲ. ಆದರೆ ಸಂಕಟಕ್ಕೆ ಒಂದು ದಾರಿ ಬೇಕಿತ್ತು. ಮುಖ ಕೂಡ ಸರಿಯಾಗಿ ನೆನಪಿಲ್ಲದ ಆ ಡಾಕ್ಟರು ಅದಕ್ಕೆ ಸಿಕ್ಕಿದ್ದ.

ಕೌಲ್ ಹೇಳಿದ ಶನಿವಾರಗಳು ಶುರುವಾದವು. ಹೆತ್ತವರ ಕೋಣೆಯಲ್ಲಿ ಎಂಟು ಪ್ಲಾಸ್ಟಿಕ್ ಕುರ್ಚಿ, ಒಂದು ಚಹಾದ ಕೆಟಲ್. ಮಕ್ಕಳ ಜೊತೆ ಇಬ್ಬರು ಯುವ ಡಾಕ್ಟರು ಕೂರುತ್ತಿದ್ದರು, ಇಲ್ಲಿ ಕೌಲ್. ಮಗುವಿಗೆ ಹೇಗಿದೆ ಎಂದು ಅವರು ಕೇಳುತ್ತಲೇ ಇರಲಿಲ್ಲ. ಈ ವಾರ ನಿಮಗೆ ಹೇಗಿತ್ತು ಎನ್ನುವರು. ಒಳಗೆ ಏನು ಮಾತಾಡಿದಿರಿ ಎಂದು ಮಕ್ಕಳನ್ನು ಕೆದಕಬಾರದು, ಇದು ಇನ್ನೊಂದು ನಿಯಮ. ಮೊದಲೆರಡು ಶನಿವಾರ ವೈಜಯಂತಿ "ಠೀಕ್" ಎಂಬ ಒಂದೇ ಪದದಲ್ಲಿ ಪಾರಾದಳು.

ಮೂರನೆಯ ವಾರ ಅವಳನ್ನು ಕೈಹಿಡಿದವಳು ಫರೀದಾಬಾದಿನ ಕಮ್ಲೇಶ್. ಗಂಡನದು ಲೇತ್ ಮಷೀನಿನ ಸಣ್ಣ ಕಾರ್ಖಾನೆ. ಹದಿನಾರು ವರ್ಷದ ಮಗನ ಬಲಗಾಲು ಒಂದು ದಿನ ಇದ್ದಕ್ಕಿದ್ದಂತೆ ಏಳದೆ ಹೋಗಿ, ಎಂಟು ತಿಂಗಳಿಂದ ಅವನು ಊರುಗೋಲಿನ ಮೇಲೆ. ಕಮ್ಲೇಶಳ ದನಿ ಬೀದಿಯ ಆ ತುದಿಗೆ ಕೇಳುವಂಥದ್ದು. ಅವಳು ವೈಜಯಂತಿಯ ಪಕ್ಕ ಕುರ್ಚಿ ಎಳೆದುಕೊಂಡು, ಚಹಾದ ಲೋಟ, ಬಿಸ್ಕತ್ತು, ಬಳೆ, ಕಣ್ಣೀರು, ಎಲ್ಲಕ್ಕೂ ಬೆರಳು ತೋರಿಸಿ ಹೆಸರು ಹೇಳಿಕೊಟ್ಟಳು. ತಪ್ಪಾಡಿದರೆ ತೊಡೆ ತಟ್ಟಿಕೊಂಡು ನಗುವಳು, ಆಮೇಲೆ ತಬ್ಬಿಕೊಳ್ಳುವಳು.

ವೈಜಯಂತಿ ಗಂಡನ ಕಚೇರಿಯಲ್ಲೇ, ಅನುಕಂಪದ ಮೇಲೆ ಕೊಟ್ಟ ರವಾನೆ ವಿಭಾಗದ ಕೆಲಸದಲ್ಲಿದ್ದಳು. ಲಕೋಟೆ ಅಂಟಿಸಿ ಠಸ್ಸೆ ಒತ್ತಲು ಹಿಂದಿ ಬೇಕಿರಲಿಲ್ಲ. ಈಗ ಅವಳು ಚಹಾ ತರುವವನ ಜೊತೆ, ಪಕ್ಕದ ಮೇಜಿನವಳ ಜೊತೆ ಮಾತಿಗೆ ನಿಂತಳು. ಬಸ್ಸಿನಲ್ಲಿ ಹಿಂದಿನ ಸೀಟಿನವರ ಜಗಳವನ್ನು ಕಿವಿಗೊಟ್ಟು ಕೇಳಿ, ಮನೆಗೆ ಬರುವಷ್ಟರಲ್ಲಿ ಯಾರ ತಪ್ಪು ಎಂದು ತೀರ್ಮಾನಿಸುವಳು. ಆಡಲು ಬಂದದ್ದಕ್ಕಿಂತ ತಿಳಿಯಲು ಬಂದದ್ದು ಬಹಳ ಹೆಚ್ಚು. ಹದಿನಾರು ವರ್ಷ ಕಿವಿಗೆ ಬಿದ್ದದ್ದೆಲ್ಲ ಎಲ್ಲೋ ಒಳಗೆ ಕೂತಿತ್ತೋ ಏನೋ. ತರಕಾರಿಯವನು, "ಅರೇ, ಆಂಟೀ ಬೋಲ್ನೇ ಲಗೀ!" ಎಂದು, ಆಂಟಿ ಮಾತಾಡತೊಡಗಿದ ಬೆರಗಿಗೆ ತಕ್ಕಡಿ ಕೆಳಗಿಟ್ಟ. ಔಷಧಿ ಅಂಗಡಿಯಲ್ಲಿ ವೈಜಯಂತಿ ತಾನೇ ಚೀಟಿ ಚಾಚಿ ಮಾತಾಡುವಾಗ ಮಯೂರಿ ಹಿಂದೆ ನಿಂತು ಕೈ ಎಲ್ಲಿಡುವುದೆಂದು ತಿಳಿಯದೆ ದುಪಟ್ಟಾ ಸುತ್ತುತ್ತಿದ್ದಳು. ವಾರಕ್ಕೆ ನಾಲ್ಕು ದಿನದ ವಾಂತಿ ಎರಡಕ್ಕೆ ಇಳಿಯಿತು. ವೈಜಯಂತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಗಳಿಗೆಲ್ಲ ಅರಿಶಿನದ ಚುಕ್ಕೆ ಇಟ್ಟಳು.

ಒಂಬತ್ತನೆಯ ಶನಿವಾರ ಅವಳೇ ಬಾಯಿ ಬಿಟ್ಟಳು. ಹರಕು ಹಿಂದಿಯಲ್ಲಿ, ಸಿಗದ ಕಡೆ ಕೈಯಾಡಿಸಿ, ಗಂಡ ಸತ್ತ ದಿನದ ಕಥೆಯನ್ನೆಲ್ಲ ಹೇಳಿದಳು. ಸ್ನಾನ, ದೀಪ, ಸಾರು, ಕ್ಯಾರಿಯರ್. "ಡಾಕ್ಟರ್ ಝೂಠ್ ಬೋಲಾ," ಡಾಕ್ಟರು ಸುಳ್ಳು ಹೇಳಿದ, ಎಂದಳು. ದಿನವೂ ಹಾಕುವ ಶಾಪವನ್ನೂ ಹೇಳಿದಳು. ಬಾಯಿಗೆ ಅನ್ನ ಸೇರದಿರಲಿ ಎಂಬುದು ಕಮ್ಲೇಶಳಿಗೆ ಚೆನ್ನಾಗಿ ಅರ್ಥವಾಗಿ, ಅವಳೂ ಮೂಗು ಒರೆಸುತ್ತ ಆ ಡಾಕ್ಟರ ವಂಶಕ್ಕೆ ತನ್ನ ಕಡೆಯಿಂದ ಎರಡು ಸೇರಿಸಿದಳು.

ಡಾಕ್ಟರ್ ಕೌಲ್ ಕೇಳಿದರು. "ಆ ಡಾಕ್ಟರು ನಿಮಗೇ ಹೇಳಿದರಾ, ವಾರ್ಡಿನ ಮಾತು?"

"ಹಾಂ. ಬೇಟೀ ಕೋ ಬೋಲಾ. ಬೇಟೀ ಮುಝ್ ಕೋ ಬೋಲಾ." ಮಗಳಿಗೆ ಹೇಳಿದ, ಮಗಳು ತನಗೆ ಹೇಳಿದಳು ಎಂದು.

ಕೌಲ್ ಪೆನ್ನಿಗೆ ಮುಚ್ಚಳ ಹಾಕಿದರು. ಎದೆ ಹಗುರವಾದ ವೈಜಯಂತಿ ಅದನ್ನು ಗಮನಿಸಲೂ ಇಲ್ಲ. ಕಥೆ ಹೇಳಿ ಮುಗಿಸಿದ ಸಮಾಧಾನದಲ್ಲಿ ಎರಡು ಬಿಸ್ಕತ್ತು ತಿಂದಳು.

ಹನ್ನೆರಡನೆಯ ಶನಿವಾರ ಎರಡೂ ಕೋಣೆಯವರು ಒಟ್ಟಿಗೆ ಕೂತರು. ನವೆಂಬರಿನ ಹೊಗೆಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಗೋಡೆಯ ಮೇಲೆ ಮಕ್ಕಳು ತಮ್ಮ ತಮ್ಮ ಮೈಯಳತೆಗೆ ಕಂದು ಕಾಗದದಲ್ಲಿ ಬರೆದ ಚಿತ್ರಗಳು. ನೋವಿರುವಲ್ಲಿ ಬಣ್ಣ ಹಚ್ಚಿ ಎಂದಿದ್ದರಂತೆ. ಕಮ್ಲೇಶಳ ಮಗ ಬಲಗಾಲನ್ನು ಪೂರ್ತಿ ಕೆಂಪು ಮಾಡಿದ್ದ. ಮಯೂರಿ ಹೊಟ್ಟೆಯೊಳಗೆ ಬಣ್ಣ ಹಚ್ಚುವ ಬದಲು ಒಂದು ಪುಟ್ಟ ಊಟದ ಕ್ಯಾರಿಯರ್ ಬರೆದಿದ್ದಳು. ಮೂರು ಡಬ್ಬಿ, ಮೇಲೊಂದು ಹಿಡಿ. ವೈಜಯಂತಿ ಅದನ್ನೇ ನೋಡುತ್ತ ಕೂತಳು. ಮನೆಯದರ ಹಾಗೇ ಇತ್ತು.

ಇವತ್ತಿನ ಪದ್ಧತಿ ಸುಲಭ ಎಂದರು ಕೌಲ್. ಮನೆಯಲ್ಲಿ ಹೇಳದೇ ಇದ್ದ ಒಂದು ಮಾತನ್ನು ಮಗು ಇಲ್ಲಿ ಹೇಳುತ್ತದೆ. ಹೆತ್ತವರು ಬುದ್ಧಿ ಹೇಳಬಾರದು, ಬೈಯಬಾರದು, ಸಮಾಧಾನ ಕೂಡ ಮಾಡಬಾರದು. "ಸುನ್ ಲಿಯಾ," ಕೇಳಿಸಿಕೊಂಡೆ, ಇಷ್ಟು ಹೇಳಿದರೆ ಸಾಕು.

ಕಮ್ಲೇಶಳ ಮಗ, ಅಪ್ಪನ ಮಷೀನಿನಲ್ಲಿ ಕೆಲಸದವನ ಬೆರಳು ಹೋದದ್ದನ್ನು ತಾನು ನೋಡಿದೆ, ಅಲ್ಲಿಗೆ ಇನ್ನು ಹೋಗಲಾರೆ ಎಂದ. ಕಮ್ಲೇಶ್ ಬಾಯಿಗೆ ಸೆರಗು ಒತ್ತಿಕೊಂಡು, ಜನ್ಮದಲ್ಲೇ ಮೊದಲ ಸಲ ಸಣ್ಣ ದನಿಯಲ್ಲಿ, "ಸುನ್ ಲಿಯಾ," ಎಂದಳು.

ಮಯೂರಿಯ ಸರದಿ ಬಂತು. ಅವಳು ತಲೆ ತಗ್ಗಿಸಿ, ಗೆಳತಿಯರ ಜೊತೆ ಆಡುವ ಓಡುನಡೆಯ ಹಿಂದಿಯಲ್ಲಿ, ಎಲ್ಲೂ ನಿಲ್ಲದೆ ಹೇಳಿಬಿಟ್ಟಳು. ವೈಜಯಂತಿ ಅದರ ಹಿಂದೆ ಓಡಿದಳು. ಪಾಪಾ ಎಂಬುದು ಸಿಕ್ಕಿತು. ಐಸಿಯು ಸಿಕ್ಕಿತು. ಆಮೇಲೆ ಎಲ್ಲವೂ ಸಿಕ್ಕಿತು, ಬೇಡವೆಂದರೂ ಸಿಕ್ಕಿತು. ಅವತ್ತು ಡಾಕ್ಟರು ವಾರ್ಡ್ ಎನ್ನಲಿಲ್ಲ. "ಘರ್ ವಾಲೋಂ ಕೋ ಬುಲಾ ಲೀಜಿಯೇ. ಆಜ್ ಕೀ ರಾತ್ ಮುಶ್ಕಿಲ್ ಹೈ." ಮನೆಯವರನ್ನು ಕರೆಸಿಕೊಳ್ಳಿ, ಇವತ್ತಿನ ರಾತ್ರಿ ಕಷ್ಟ ಎಂದರು. ಮಮ್ಮೀ ವಾರ್ಡಾ ಎಂದು ಕೇಳಿದಳು. ಮಮ್ಮೀಯ ಮುಖ ನೋಡಿ ಹೌದು ಅಂದೆ. ರಾತ್ರಿ ಅಂದಿದ್ದರಲ್ಲ, ಅಷ್ಟರಲ್ಲಿ ಮಮ್ಮೀ ಉಂಡು ಬರಲಿ, ಆಮೇಲೆ ಹೇಳೋಣ ಅಂದುಕೊಂಡೆ. ಪಾಪಾ ನಾಲ್ಕು ಗಂಟೆಗೇ ಹೋದರು. ಮಮ್ಮೀ ದಿನವೂ ಸುಳ್ಳು ಹೇಳಿದವರಿಗೆ ಶಾಪ ಹಾಕುತ್ತಾಳೆ. ಅವಳಿಗೆ ಗೊತ್ತಿಲ್ಲ. ಅದು ಡಾಕ್ಟರಿಗೆ ಹೋಗುವುದಿಲ್ಲ, ನನಗೇ ಬರುತ್ತದೆ.

ಎಲ್ಲರೂ ವೈಜಯಂತಿಯನ್ನು ನೋಡುತ್ತಿದ್ದರು. ಮಯೂರಿ ತಲೆಯೆತ್ತಿ ಅಮ್ಮನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ಹಳೆಯ ರೂಢಿಯಂತೆ ಅವಳ ಕಡೆ ವಾಲಿ ಕನ್ನಡದಲ್ಲಿ ಹೇಳಿದಳು. "ಅಪ್ಪನ ನೆನಪು ತುಂಬಾ ಬರತ್ತೆ ಅಂದೆ ಅಮ್ಮಾ. ನನ್ನ ಪೇಟ್ ದರ್ದ್, ಹೊಟ್ಟೆನೋವಿಂದ ನಿಂಗೆ ಪರೇಶಾನ್ ಆಯ್ತು, ಸಾರಿ ಅಂದೆ. ಬಸ್, ಅಷ್ಟೇ."

ಆ ಕೋಣೆಯಲ್ಲಿ ಎರಡು ಭಾಷೆಯೂ ತಿಳಿದವರು ಇಬ್ಬರೇ ಇದ್ದರು. ವೈಜಯಂತಿಗೆ ಆ ಗಳಿಗೆಯಲ್ಲಿ ಬಂದದ್ದು ಕನಿಕರವಲ್ಲ, ಸಿಟ್ಟು. ಎದ್ದು ಮಗಳ ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟು. ಎರಡು ವರ್ಷ ಒಂದೇ ತಟ್ಟೆಯ ಮುಂದೆ ಕೂತು, ನಾನು ಅಳುವುದನ್ನು ನೋಡಿದಳಲ್ಲ. ಆಮೇಲೆ ಆ ಸಿಟ್ಟಿನ ಬುಡದಲ್ಲಿ ದಿನವೂ ಸಂಜೆ ಹಚ್ಚಿದ ದೀಪ ಕಂಡಿತು, ಅದರ ಮುಂದೆ ನಿಂತು ಆಡಿದ ಮಾತು ಕೇಳಿಸಿತು.

"ಸುನ್ ಲಿಯಾ," ಎಂದಳು.

ಮಯೂರಿ ಉಸಿರು ಬಿಟ್ಟಳು. ಮುಂದಿನ ಹುಡುಗ ಮಾತಿಗೆ ಶುರು ಮಾಡಿದ. ಡಾಕ್ಟರ್ ಕೌಲ್‌ಗೆ ಮಾತ್ರ ವೈಜಯಂತಿಯ ಮೇಲಿನ ಕಣ್ಣನ್ನು ತೆಗೆಯಲು ತುಸು ಹೊತ್ತು ಹಿಡಿಯಿತು.

ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನಲ್ಲಿ ಇಬ್ಬರೂ ಕೂತರು. ಮಧ್ಯಾಹ್ನ ಒಂದು ಗಂಟೆಗೂ ಬಿಸಿಲು ಬಂದಿರಲಿಲ್ಲ. ರಸ್ತೆಯಾಚೆ ಕಡಲೆಕಾಯಿ ಹುರಿಯುವವನ ಹೊಗೆ ಮಂಜಿನೊಳಗೆ ಸೇರಿಹೋಗುತ್ತಿತ್ತು. ಮಯೂರಿಗೆ ಮಾತು ಬಂದಿತ್ತು. ಕಮ್ಲೇಶ್ ಆಂಟಿ ಎಷ್ಟು ಅತ್ತರು, ಕೌಲ್ ಮೇಡಂ ತಿಂಗಳಾದ ಮೇಲೆ ಒಮ್ಮೆ ಬಾ ಅಂದಿದ್ದಾರೆ, ಸೋಮವಾರ ಸ್ಕೂಲಿನಲ್ಲಿ ಟೆಸ್ಟು ಇದೆ. ವೈಜಯಂತಿ ಹೂಂಗುಟ್ಟುತ್ತಿದ್ದಳು. ಹೀಗೇ ಸುಮ್ಮನಿದ್ದುಬಿಟ್ಟರೆ? ಮಗಳಿಗೆ ಹೇಳಿದ ಸಮಾಧಾನವಾಯಿತು, ನನಗೆ ಗೊತ್ತಾಗಲಿಲ್ಲ ಎಂಬ ಸಮಾಧಾನವೂ ಇದೆ. ಹೊತ್ತವಳು ನಾನೊಬ್ಬಳೇ ಆದರೆ ಏನು ನಷ್ಟ? ಆದರೆ ಆ ಶಾಪವನ್ನು ಏನು ಮಾಡುವುದು. ನಾಳೆಯಿಂದ ಅನ್ನದಿದ್ದರೂ ಅಂದದ್ದು ಇದ್ದೇ ಇದೆಯಲ್ಲ, ಅವಳ ಹೊಟ್ಟೆಯಲ್ಲಿ.

"ಘರ್ ವಾಲೋಂ ಕೋ ಬುಲಾ ಲೀಜಿಯೇ," ಎಂದಳು ವೈಜಯಂತಿ, ರಸ್ತೆ ನೋಡುತ್ತ, ಅರಸೀಕೆರೆಯ ಎಳೆತದಲ್ಲಿ. "ಆಜ್ ಕೀ ರಾತ್ ಮುಶ್ಕಿಲ್ ಹೈ. ಇಷ್ಟೇನಾ ಅಂದದ್ದು? ಇನ್ನೂ ಏನಾದ್ರೂ ಅಂದ್ರಾ?"

ಮಯೂರಿಯ ಮಾತು ಅಲ್ಲೇ ನಿಂತಿತು. ಅವಳು ಎದ್ದು ಎರಡು ಹೆಜ್ಜೆ ಹೋಗಿ, ಕಂಬ ಹಿಡಿದು ಬಗ್ಗಿದಳು. ಬೆಳಿಗ್ಗೆ ತಿಂದ ಒಂದೂವರೆ ಇಡ್ಲಿ ಹೊರಗೆ ಬಂತು. ವೈಜಯಂತಿ ಹಿಂದಿನಿಂದ ಅವಳ ಹಣೆಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಮೂಳೆ ಕೈಗೆ ಸಿಗುತ್ತಿತ್ತು.

"ಕನ್ನಡದಲ್ಲಿ ಹೇಳಕ್ಕೆ ಬರ್ಲಿಲ್ಲ ಅಮ್ಮಾ," ಎಂದಳು ಮಯೂರಿ ಬಗ್ಗಿಕೊಂಡೇ. "ನೀನು ಎಷ್ಟು ಖುಷಿಯಿಂದ ಕೇಳ್ದೆ. ಮೈ ಕ್ಯಾ ಬೋಲ್ತೀ? ನಾನೇನು ಹೇಳ್ಬೇಕಿತ್ತು?"

"ಅವರ ಮುಖ ನೋಡೋದು ತಪ್ಪಿಸಿಬಿಟ್ಟೆಯಲ್ಲೇ ನನಗೆ." ಈ ಮಾತನ್ನು ವೈಜಯಂತಿ ಆಡದೆ ಇರಲಾರಳು, ಆಡಿದಳು. "ಇದನ್ನ ನಾನು ಸಾಯೋವರೆಗೂ ಮರೆಯಲ್ಲ ಪುಟ್ಟಿ. ಸುಳ್ಳು ಹೇಳಲ್ಲ ನಿನಗೆ." ಹಣೆ ಹಿಡಿದ ಕೈಯನ್ನು ಅವಳು ತೆಗೆಯಲಿಲ್ಲ. "ಆದ್ರೆ ಹದಿಮೂರು ವರ್ಷದ ಮಗೂನ್ನ ಕೇಳ್ದೋಳು ಯಾರು? ನಾನು. ಡಾಕ್ಟರ ಅಂಗಿ ಹಿಡಿದು ನಿಲ್ಲಿಸಿ ಕೇಳ್ಬಹುದಿತ್ತು. ನಿನ್ನನ್ನ ಕೇಳ್ದೆ. ವಾರ್ಡಿಗೆ ತಾನೆ ಅಂತ ಉತ್ತರಾನೂ ನಾನೇ ಕೊಟ್ಟೆ."

ಬಾಟಲಿನ ನೀರಿನಲ್ಲಿ ಮಗಳ ಬಾಯಿ ತೊಳೆಸಿ, ಸೆರಗಿನಿಂದ ಮುಖ ಒರೆಸಿ, ಬೆಂಚಿನ ಮೇಲೆ ಕೂರಿಸಿಕೊಂಡಳು. ಸ್ವೆಟರಿನ ಮೇಲಿನಿಂದ ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. "ಬಿಡ್ತು," ಎಂದಳು. "ನಾನು ಆಡಿದ್ದೆಲ್ಲಾ ಬಿಡ್ತು. ನೀನೂ ಅನ್ನು."

"ಹಾಗಂದ್ರೆ ಏನು?"

"ಏನೂ ಇಲ್ಲ. ಅನ್ನು."

"ಬಿಡ್ತು," ಎಂದಳು ಮಯೂರಿ. ಹೊಸ ಪದವನ್ನು ಬಾಯಲ್ಲಿ ಹಾಕಿಕೊಂಡ ಹಾಗೆ ಇನ್ನೊಮ್ಮೆ ಮೆಲ್ಲಗೆ ಅಂದಳು.

ಒಂದು ಬಸ್ಸು ಬಂದು ಹೋಯಿತು. ಇನ್ನೊಂದು ಬಂತು. ವೈಜಯಂತಿ ಕಣ್ಣೊರೆಸಿಕೊಂಡು, ಮಗಳ ಕಡೆ ತಿರುಗಿ ಕೂತಳು.

"ಈಗ ಹೇಳು. ನಾನು ಮನೆಗೆ ಹೋದ ಮೇಲೆ ಏನೇನಾಯ್ತು, ಅಷ್ಟೂ. ನನಗೆ ಬೇಜಾರಾಗತ್ತೆ ಅಂತ ಒಂದು ಮಾತೂ ಬಿಡಬೇಡ. ಅವರು ಮಾತಾಡಿದ್ರಾ?"

ಮಯೂರಿ ತಲೆಯಾಡಿಸಿದಳು. "ಒಳಗೆ ಕರೆದ್ರು, ನರ್ಸು. ಅಪ್ಪ ಕಣ್ಣು ಬಿಟ್ಟಿದ್ರು. ಅಮ್ಮ ಎಲ್ಲಿ ಅಂದ್ರು."

"ನೀನೇನಂದೆ?"

"ಬಸ್ಸಲ್ಲಿ ಇದಾಳೆ, ಈಗ ಬರ್ತಾಳೆ ಅಂದೆ."

ಆ ಹೊತ್ತಿಗೆ ತಾನು ಒಲೆಯ ಮುಂದೆ ನಿಂತು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ ಎಂದು ವೈಜಯಂತಿಗೆ ಲೆಕ್ಕ ಸಿಕ್ಕಿತು. "ಎಷ್ಟು ಸಲ ಕೇಳಿದ್ರು?"

ಮಯೂರಿ ಹೇಳಲೋ ಬೇಡವೋ ಎಂದು ಅಮ್ಮನ ಮುಖ ನೋಡಿದಳು. ವೈಜಯಂತಿ ಮುಖವನ್ನು ಅಲ್ಲಾಡಿಸದೆ ಹಿಡಿದಳು.

"ತೀನ್ ಬಾರ್. ಮೂರು ಸಲ."

"ಹೂಂ. ಆಮೇಲೆ?"

"ನೀರು ಕೇಳಿದ್ರು. ಕೊಡಬೇಡ ಅಂದಿದ್ರು ಅವರೆಲ್ಲ. ಯಾರೂ ನೋಡ್ತಿರ್ಲಿಲ್ಲ. ಬಾಟಲ್ ಮುಚ್ಚಳದಲ್ಲಿ ಹಾಕಿ ಕೊಟ್ಟೆ. ದೋ ಬಾರ್. ಎರಡು ಸಲ."

"ಕುಡಿದ್ರಾ?"

"ಕುಡಿದ್ರು."

ಅವರ ನಂಬರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನ ತಗಡು ಬಡಿಯುತ್ತ ಆರ್.ಕೆ.ಪುರಂ, ಆರ್.ಕೆ.ಪುರಂ ಎಂದು ಕೂಗಿದ, ಇವರಿಬ್ಬರನ್ನೇ ನೋಡಿ ಇನ್ನೆರಡು ಸಲ ಕೂಗಿದ. ಇಬ್ಬರೂ ಏಳಲಿಲ್ಲ. ಬಸ್ಸು ಹೊರಟುಹೋಗಿ ಮಂಜಿನಲ್ಲಿ ಅದರ ಹಿಂದಿನ ದೀಪವೂ ಕಾಣದಾಯಿತು.

"ಆಮೇಲೆ?" ಎಂದಳು ವೈಜಯಂತಿ.